ಮಂಡಿ ನೋವಿಗೆ ಸೂಜಿ ಮೆಣಸಿನ ಮುಲಾಮು: ನಾಲ್ಕನೇ ಸುತ್ತಿನಲ್ಲಿ ಸಿಕ್ಕ ಹದ

ಮೆಣಸಿನಕಾಯಿ ಎಣ್ಣೆ ಹಚ್ಚಿದರೆ ಚರ್ಮ ಉರಿಯುತ್ತದೆಯೇ ಹೊರತು ನೋವು ಹೋಗುವುದಿಲ್ಲ ಅಂದವರೇ ಸಕಲೇಶಪುರದ ನಮ್ಮ ಕಡೆ ಹೆಚ್ಚು. ಈ ಸಲ ಕಾಫಿ ಕುಯ್ಲು ಮುಗಿಯುವ ಹೊತ್ತಿಗೆ ಅವರಲ್ಲೇ ಮೂವರು ಡಬ್ಬಿ ಕೇಳಿ ಒಯ್ದರು. ಅದಕ್ಕೂ ಮುಂಚೆ ಕೆಟ್ಟ ಮೂರು ಸುತ್ತಿಗೆ ಹೋದದ್ದು ಹತ್ತಿರ ಹತ್ತಿರ ನಾಲ್ಕೂವರೆ ಸಾವಿರ.

ಮೊದಲ ಸಲ ಹಸಿ ಮೆಣಸು ಜಜ್ಜಿ ಹಾಕಿದ್ದೇ ತಪ್ಪು. ನೀರು ತಳಕ್ಕೆ ಕೂತು ಹತ್ತು ದಿನಕ್ಕೆ ಹುಳಿ ವಾಸನೆ, ಬೂಸ್ಟು. ಎರಡನೆಯದು ಬ್ಯಾಡಗಿ: ಬಣ್ಣ ಪಂಚೆಗೆಲ್ಲ ಹತ್ತಿತು, ಖಾರ ಸಾಲಲಿಲ್ಲ. ಮೂರನೆಯದನ್ನು ನೇರ ಉರಿಯ ಮೇಲೆ ಕಾಯಿಸಿದೆ. ಆ ಕಾವಿಗೆ ಖಾರ ಸಾಯುವುದಿಲ್ಲ, ಆದರೆ ಪುಡಿ ಕರಟಿ ಎಣ್ಣೆ ಕಪ್ಪಾಯಿತು, ಘಾಟಿಗೆ ಅಡುಗೆಮನೆಯಲ್ಲಿ ಯಾರೂ ನಿಲ್ಲುವ ಹಾಗಿರಲಿಲ್ಲ.

ಈಗ ಮಾಡುವುದು ಹೀಗೆ. ಟಕ್ಕೆಂದು ಮುರಿಯುವಷ್ಟು ಒಣಗಿದ ಸೂಜಿ ಮೆಣಸು 100 ಗ್ರಾಂ, ತೊಟ್ಟು ತೆಗೆದು ರವೆಯಷ್ಟು ತರಿ. ಬೀಜ ಬೇರೆ ಮಾಡಲು ಕೂರಬೇಡಿ. ಒಳಗಿನ ಬಿಳಿ ತಿರುಳು ಮಾತ್ರ ಉದುರಿ ಹೋಗಬಾರದು, ಖಾರದ ಮನೆ ಅದೇ. ಕೊಬ್ಬರಿ ಎಣ್ಣೆ ಒಂದು ಲೀಟರ್. ಬಿಸಿನೀರಿನ ಪಾತ್ರೆಯೊಳಗೆ ಇಟ್ಟು 60–65 ಡಿಗ್ರಿಯಲ್ಲಿ ಮೂರು ಗಂಟೆ, ರಾತ್ರಿಯಿಡೀ ಹಾಗೇ ಬಿಡಿ. ನಮ್ಮ ಚಳಿಗೆ ಬೆಳಗ್ಗೆ ಹೆಪ್ಪುಗಟ್ಟಿರುತ್ತದೆ, ಮತ್ತೆ ಬೆಚ್ಚಗೆ ಮಾಡಿ ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿ. ಹಿಂಡಿದರೆ ತರಿ ಇಳಿದು ಚರ್ಮದ ಮೇಲೆ ಚುಕ್ಕೆ ಚುಕ್ಕೆಯಾಗಿ ಉರಿಯುತ್ತದೆ. 100 ಗ್ರಾಂ ಎಣ್ಣೆಗೆ ಜೇನುಮೇಣ ಚಳಿಗಾಲದಲ್ಲಿ 15 ಗ್ರಾಂ, ಬೇಸಿಗೆಯಲ್ಲಿ 20.

ಮೆಣಸಿನಲ್ಲಿ ಖಾರ ಕೊಡುವ ವಸ್ತುವಾದ ಕ್ಯಾಪ್ಸೈಸಿನ್ ಶೇಕಡಾ 0.4 ಅಂತ ಹಿಡಿದರೆ, ಪೂರ್ತಿ ಇಳಿದರೂ ಎಣ್ಣೆಯಲ್ಲಿ ಶೇಕಡಾ 0.04ರ ಆಸುಪಾಸು. ಔಷಧಿ ಅಂಗಡಿಯ ಕ್ರೀಮು 0.025 ಮತ್ತು 0.075ರದ್ದು, ನಮ್ಮದು ನಡುವೆ ಎಲ್ಲೋ. ಪ್ರತಿ ಸಲ ಖಾರ ಒಂದೇ ಮಟ್ಟಕ್ಕೆ ಬರಲು ಎರಡು ಮೆಣಸು ಬೆರೆಸುವ ಲೆಕ್ಕ ಒಂದಿದೆ, ಅದು ನನ್ನ ಹತ್ತಿರವೇ ಇರಲಿ.

ಹೆಚ್ಚಿನವರು ಸೋಲುವುದು ಹಚ್ಚುವುದರಲ್ಲಿ. ಸುಮಾರು 43 ಡಿಗ್ರಿ ದಾಟಿದ ಬಿಸಿಗೆ ತೆರೆದುಕೊಳ್ಳುವ ಟಿಆರ್‌ಪಿವಿ1 ಎಂಬ ಬಾಗಿಲು ನೋವಿನ ನರದ ತುದಿಯಲ್ಲಿದೆ. 1997ರಲ್ಲಿ ಅದನ್ನು ಗುರುತಿಸಿದ ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ಕ್ಯಾಪ್ಸೈಸಿನ್ ಬಿಸಿಯಿಲ್ಲದೆಯೇ ಅದನ್ನು ತೆರೆಯುತ್ತದೆ, ಅದಕ್ಕೇ ಉರಿ. ಬಿಡದೆ ಹಚ್ಚಿದರೆ ಆ ತುದಿಗಳು ಕ್ರಮೇಣ ಮಂದವಾಗುತ್ತವೆ. ನೋವು ಬಂದಾಗ ಮಾತ್ರ ಹಚ್ಚುವವರಿಗೆ ಪ್ರತಿ ಸಲವೂ ಮೊದಲ ದಿನದ ಉರಿಯೇ, ಲಾಭ ಏನೂ ಇಲ್ಲ. ದಿನಕ್ಕೆ ಮೂರು ನಾಲ್ಕು ಸಲ, ಕಡಲೆಕಾಳಿನಷ್ಟು, ಎರಡು ಮೂರು ವಾರ. ಮೊದಲ ವಾರ ತಡೆದುಕೊಂಡವರೇ ಗೆದ್ದವರು.

ಬಿಸಿನೀರಿನ ಸ್ನಾನ ಮಾಡಿ ಬಂದು ಹಚ್ಚಬೇಡಿ. ಬೆಚ್ಚಗಿರುವ ಚರ್ಮದಲ್ಲಿ ಆ ಬಾಗಿಲು ಇನ್ನೂ ಬೇಗ ತೆರೆಯುತ್ತದೆ. ಮೇಲೆ ಪ್ಲಾಸ್ಟಿಕ್ ಸುತ್ತುವುದು, ಬಿಸಿ ಕೊಡುವುದು ಬೇಡ. ಗಾಯ, ಬಿರುಕು ಇದ್ದಲ್ಲಿ, ಸಕ್ಕರೆ ಕಾಯಿಲೆಯವರ ಸ್ಪರ್ಶ ಗೊತ್ತಾಗದ ಪಾದಕ್ಕೆ ಬೇಡವೇ ಬೇಡ.

ಚರ್ಮ ಕೆಂಪಾಗುವುದು ಸುಟ್ಟಿದ್ದಕ್ಕಲ್ಲ ಅಂತ ತೋರಿಸಲು ಮುಂಗೈ ಮೇಲೆ ಪೆನ್ನಿನಲ್ಲಿ ಎಂಟಾಣೆಯಷ್ಟು ವೃತ್ತ ಬರೆದು, ನಡುವೆ ಒಂದು ತೊಟ್ಟು ಎಣ್ಣೆ ಇಟ್ಟೆ. ಕಾಲು ಗಂಟೆಯಲ್ಲಿ ಕೆಂಪು ಗೆರೆ ದಾಟಿ ಬೆರಳಗಲ ಹರಡಿತು. ಎಣ್ಣೆ ಅಲ್ಲಿಗೆ ಹೋಗಿರಲಿಲ್ಲ. ಕೆರಳಿದ ನರ ತನ್ನ ಕವಲುಗಳಲ್ಲಿ ರಕ್ತನಾಳ ಹಿಗ್ಗಿಸುವ ಸಿಜಿಆರ್‌ಪಿ ಎಂಬ ವಸ್ತು ಬಿಟ್ಟಿತು, ಸಣ್ಣ ರಕ್ತನಾಳಗಳು ಅಗಲವಾದವು. ಮಂಡಿ ಬೆಚ್ಚಗಾಗುವುದೂ ಇದರಿಂದಲೇ. ನಮ್ಮ ತೋಟದ ಕಾಳುಮೆಣಸಿನಲ್ಲೂ ಇದೇ ಅಳತೆಯಲ್ಲಿ ಮಾಡಿ ನೋಡಿದೆ. ಅದರ ಖಾರದ ವಸ್ತುವಾದ ಪೈಪರಿನ್ ತಟ್ಟುವುದೂ ಅದೇ ಬಾಗಿಲನ್ನು, ಆದರೆ ಬಲ ಕಡಿಮೆ, ಗೆರೆ ದಾಟಲಿಲ್ಲ.

ಸೂಜಿ ಮೆಣಸು ಕೆ.ಜಿ.ಗೆ ಸಾವಿರದ ಮೇಲೆ, ಎಣ್ಣೆ ನಾನೂರರ ಹತ್ತಿರ, ಮೇಣ ಜೇನುಪೆಟ್ಟಿಗೆಯದ್ದೇ. 30 ಗ್ರಾಂ ಡಬ್ಬಿಗೆ ಇಪ್ಪತ್ತು ರೂಪಾಯಿ ದಾಟಲ್ಲ. ಕೈಗೆ ಹತ್ತಿದ್ದನ್ನು ನೀರಿನಿಂದ ತೊಳೆದರೆ ಹೋಗದು. ಮೊದಲು ಬರಿ ಎಣ್ಣೆ ಸವರಿ ಒರೆಸಿ, ಆಮೇಲೆ ಸೋಪು ಹಾಕಿ. ಅಲ್ಲಿಯವರೆಗೆ ಕಣ್ಣು ಮುಟ್ಟಬೇಡಿ.