ವಿಟಮಿನ್ ಪರೀಕ್ಷೆಯ ಶಿಬಿರ: ರಕ್ತ ತೆಗೆದ ಮೇಲೆ ಎಡವಬೇಡಿ

ಶಾಲೆ, ಅಂಗನವಾಡಿಗಳಲ್ಲಿ ವಿಟಮಿನ್ ಕೊರತೆ ಪತ್ತೆಗೆ ರಕ್ತ ತೆಗೆಯುವಾಗ ಎಲ್ಲರ ಕಣ್ಣೂ ಸೂಜಿ ಮೇಲೆ. ಆದರೆ ಮಾದರಿ ಕೆಡುವುದು ಆಮೇಲೆ. ಟ್ಯೂಬುಗಳ ಸ್ಟ್ಯಾಂಡು ಬಿಸಿಲು ಬೀಳುವ ಕಿಟಕಿ ಪಕ್ಕ ಮಧ್ಯಾಹ್ನದವರೆಗೂ ಕೂತಿರುವುದನ್ನು ಎಷ್ಟೋ ಕಡೆ ನೋಡಿದ್ದೇನೆ.

1. ಮೊದಲು ವಿಚಾರಿಸಿ. ಮಗುವಿಗೆ ಜ್ವರ, ಭೇದಿ ಇದೆಯಾ? ಯಾವ ಮಾತ್ರೆ ನುಂಗುತ್ತಿದೆ? ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲೂ ಫೋಲಿಕ್ ಆಸಿಡ್ ಇದೆ, ಚೀಟಿಯಲ್ಲಿ ಬರೆಯಿರಿ. ದೊಡ್ಡವರಾದರೆ ಕೂದಲು, ಉಗುರಿಗೆಂದು ಮಾರುವ ಬಯೋಟಿನ್ ಮಾತ್ರೆ ಬಗ್ಗೆಯೂ ಕೇಳಿ. ಕೆಲವು ಯಂತ್ರಗಳ ಲೆಕ್ಕವನ್ನೇ ಅದು ತಪ್ಪಿಸುತ್ತದೆ.

2. ರಕ್ತ ತೆಗೆಯಿರಿ. ತೋಳಿಗೆ ಕಟ್ಟಿದ ಪಟ್ಟಿ ಒಂದು ನಿಮಿಷ ದಾಟಬಾರದು. ಸ್ಪಿರಿಟ್ ಪೂರ್ತಿ ಒಣಗಿರಲಿ.

3. ಎಡವುವುದು ಇಲ್ಲೇ. ಸಿರಿಂಜಿನ ರಕ್ತವನ್ನು ಸೂಜಿಯಿಂದಲೇ ಜೋರಾಗಿ ಟ್ಯೂಬಿಗೆ ಒತ್ತಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಕಣಗಳ ಒಳಗೆ ಸೀರಂಗಿಂತ (ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ, ಪರೀಕ್ಷೆಗೆ ಬಳಸುವ ತಿಳಿ ದ್ರವ) ಎಷ್ಟೋ ಪಟ್ಟು ಜಾಸ್ತಿ ಫೋಲೇಟ್ (ಫೋಲಿಕ್ ಆಸಿಡ್ ಜಾತಿಯ ಬಿ ವಿಟಮಿನ್) ಇರುತ್ತದೆ. ಅದು ಹೊರಬಂದರೆ ಕೊರತೆ ಇರುವ ಮಗುವಿನ ವರದಿಯೂ 'ನಾರ್ಮಲ್' ಅಂತ ಬರಬಹುದು. ರಕ್ತವನ್ನು ತಾನೇ ಎಳೆದುಕೊಳ್ಳುವ ವ್ಯಾಕ್ಯೂಮ್ ಟ್ಯೂಬನ್ನೇ ಬಳಸಿ, ಅದರಲ್ಲಿ ಉಳಿತಾಯ ಬೇಡ. ಟ್ಯೂಬನ್ನು ಕುಲುಕಬೇಡಿ, ಐದಾರು ಸಲ ಮೆಲ್ಲಗೆ ತಲೆಕೆಳಗು ಮಾಡಿದರೆ ಸಾಕು.

ತಕ್ಷಣ ಫಾಯಿಲ್ ಸುತ್ತಿ. ವಿಟಮಿನ್ ಎ ಮತ್ತು ಫೋಲೇಟ್ ಬೆಳಕಿಗೆ ಕೆಡುತ್ತವೆ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸಾಕು, ಕಾಗದ ಆಗುವುದಿಲ್ಲ. ನಂಬರನ್ನು ಟ್ಯೂಬಿನ ಮೇಲೂ ಫಾಯಿಲ್ ಮೇಲೂ ಬರೆಯಿರಿ. ಇಲ್ಲದಿದ್ದರೆ ಪ್ರತಿ ಸಲ ನಂಬರ್ ನೋಡಲು ಯಾರಾದರೂ ಬಿಚ್ಚುತ್ತಾರೆ, ಸುತ್ತಿದ್ದೂ ದಂಡ.

ಅರ್ಧ ಗಂಟೆ ನೆರಳಲ್ಲಿ ನೆಟ್ಟಗೆ ನಿಲ್ಲಿಸಿ, ಹೆಪ್ಪುಗಟ್ಟಲಿ. 'ಬೇಗ ಐಸ್‌ಗೆ ಹಾಕಿಬಿಡಿ' ಎನ್ನುವವರ ಮಾತು ಕೇಳಬೇಡಿ. ಹೆಪ್ಪುಗಟ್ಟುವುದು ತಡವಾಗುತ್ತದೆ, ಐಸ್‌ಗೆ ತಾಗಿ ರಕ್ತವೇ ಮಂಜುಗಡ್ಡೆಯಾದರೆ ಕಣಗಳೂ ಒಡೆಯುತ್ತವೆ. ಆಮೇಲೆ ಸೆಂಟ್ರಿಫ್ಯೂಜ್ (ಟ್ಯೂಬನ್ನು ವೇಗವಾಗಿ ತಿರುಗಿಸಿ ಸೀರಂ ಬೇರ್ಪಡಿಸುವ ಯಂತ್ರ). ಸೀರಂ ತಿಳಿ ಹಳದಿ ಇರಬೇಕು. ಗುಲಾಬಿ ಬಣ್ಣ ಕಂಡರೆ ಫೋಲೇಟ್ ಪರೀಕ್ಷೆಗೆ ಕಳಿಸಲೇಬೇಡಿ, ಮತ್ತೆ ರಕ್ತ ತೆಗೆಯಿರಿ.

4. ಬೇರ್ಪಡಿಸಿದ ಸೀರಂ ತಣ್ಣಗಿನ ಪೆಟ್ಟಿಗೆಯಲ್ಲಿ ಅದೇ ದಿನ ಲ್ಯಾಬಿಗೆ ಹೋಗಲಿ.

5. ವರದಿ ಓದುವಾಗ ಚೀಟಿ ಜೊತೆಗಿರಲಿ. ರೆಟಿನಾಲ್ (ರಕ್ತದಲ್ಲಿರುವ ವಿಟಮಿನ್ ಎ ರೂಪ) ಡೆಸಿಲೀಟರಿಗೆ 20 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ವಿಟಮಿನ್ ಎ ಕೊರತೆ. ಪುಟ್ಟ ಮಕ್ಕಳಲ್ಲಿ ಶೇ 20ರಷ್ಟು ಅಥವಾ ಜಾಸ್ತಿ ಮಂದಿಗೆ ಹೀಗಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಅದು ಆ ಪ್ರದೇಶದ ಗಂಭೀರ ಸಮಸ್ಯೆ. ಬಿಸಿಲಲ್ಲಿ ಕೆಟ್ಟ ಟ್ಯೂಬುಗಳೂ ಈ ಲೆಕ್ಕಕ್ಕೆ ಸೇರಿಬಿಡುತ್ತವೆ, ಅಲ್ವಾ? ಜ್ವರ ಬಂದ ಮಗುವಿನಲ್ಲೂ ರೆಟಿನಾಲ್ ತಾತ್ಕಾಲಿಕವಾಗಿ ಇಳಿಯುತ್ತದೆ. ಹಾಗಾಗಿ ಅದೇ ಸೀರಂನಲ್ಲಿ ಸಿಆರ್‌ಪಿ (ಸೋಂಕು, ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಪ್ರೋಟೀನ್) ಪರೀಕ್ಷೆಯನ್ನೂ ಮಾಡಿಸಿ. ಸಿಆರ್‌ಪಿ ಜಾಸ್ತಿ ಬಂದ ಮಕ್ಕಳ ರೆಟಿನಾಲ್ ಅಂಕಿಯನ್ನು ಹಾಗೇ ಪಟ್ಟಿಗೆ ಸೇರಿಸದೆ ಬೇರೆ ಇಡಿ.