ಕಿಟಕಿಯ ದೀಪಕ್ಕೆ ಚುಕ್ಕಿ ಇಟ್ಟೆ: ನನ್ನ ಅನುಭವ

ಸಿನಿಮಾದ ಒಂದೊಂದು ಶಾಟ್ (ಕ್ಯಾಮೆರಾ ಒಂದೇ ಓಟದಲ್ಲಿ ತೆಗೆದ ತುಣುಕು) ಬಿಡಿಸಿ ಓದಲು ಪರದೆಗೆ ಓಎಚ್‌ಪಿ ಹಾಳೆ, ಅಂದರೆ ಪ್ರೊಜೆಕ್ಟರಿನ ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಹಚ್ಚಿದರೆ ಸಾಕು ಅಂತ ನಾನು ಹೇಳಿದಾಗ ಕಲಬುರಗಿಯಲ್ಲಿ ಮದುವೆ ವಿಡಿಯೋ ತೆಗೆಯುವ ನಮ್ಮ ಗೆಳೆಯರಲ್ಲಿ ಒಬ್ಬರೂ ಒಪ್ಪಲಿಲ್ಲ. "ಅದಕ್ಕ ಸಾಫ್ಟ್‌ವೇರ್ ಅದ ಅಲ್ರಿ, ನೀವ್ಯಾಕ ಹಾಳಿ ಹಚ್ಚಕೋತ ಕೂತೀರಿ?" ಅಂದರು. ಮೂರು ವರ್ಷ ಆಯಿತು. ಈಗ ಅವರಲ್ಲಿ ಇಬ್ಬರು ನನ್ನ ಹತ್ತಿರ ಬಂದು ಹಾಳೆ ಹಚ್ಚುವುದನ್ನು ಕಲಿತು ಹೋಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹಿಡಿದದ್ದು 'ಸಿಟಿಜನ್ ಕೇನ್' ಸಿನಿಮಾದ ಶುರುವಿನ ಭಾಗ. 1941ರದ್ದು. ಆರ್ಸನ್ ವೆಲ್ಸ್ ಅವರ ಮೊದಲ ದೊಡ್ಡ ಸಿನಿಮಾ, ಕ್ಯಾಮೆರಾ ಗ್ರೆಗ್ ಟೋಲೆಂಡ್. ನೀವೆಲ್ಲ ನೋಡಿರುತ್ತೀರಿ. ಒಳಗೆ ಬರಬೇಡಿ ಅನ್ನುವ ಫಲಕ, ತಂತಿ ಬೇಲಿ, ಕೆ ಅಕ್ಷರದ ಗೇಟು, ಹಿಂದೆ ಗುಡ್ಡದ ಮೇಲೆ ಅರಮನೆ, ಅದರಲ್ಲಿ ಒಂದೇ ಒಂದು ಕಿಟಕಿಯಲ್ಲಿ ಬೆಳಕು. ಆಮೇಲೆ ಮಂಗಗಳ ಪಂಜರ, ನೀರಿನ ಮೇಲೆ ದೋಣಿ, ಗಾಲ್ಫ್ ಮೈದಾನ. ಎಲ್ಲ ಒಂದರೊಳಗೆ ಒಂದು ಕರಗುತ್ತಾ ಬರುತ್ತವೆ. ಕಿಟಕಿಯ ಹತ್ತಿರ ಹೋಗುತ್ತಿದ್ದಂತೆ ಬೆಳಕು ಆರುತ್ತದೆ. ಮುಂದೆ ಗಾಜಿನ ಗೋಳ, ತುಟಿ, ಒಂದು ಮಾತು, ಗೋಳ ಒಡೆಯುವುದು, ಒಡೆದ ಗಾಜಿನಲ್ಲಿ ನರ್ಸ್ ಬರುವುದು.

ಮೊದಲು ನಾನೂ ಎಲ್ಲರಂತೆ ಶಾಟ್ ಪಟ್ಟಿ ಮಾಡಿದೆ. ಶಾಟ್ ನಂಬರ್, ಸೆಕೆಂಡು, ದೂರದ್ದೋ (ಲಾಂಗ್) ಹತ್ತಿರದ್ದೋ (ಕ್ಲೋಸ್). ಫಲಕದಿಂದ ಬೆಳಕು ಆರುವ ತನಕ ಒಂದು ಸಲ 9 ಶಾಟ್ ಬಂತು, ಇನ್ನೊಂದು ಸಲ 12, ಮೂರನೇ ಸಲ 11. ಡಿಸಾಲ್ವ್, ಅಂದರೆ ಒಂದು ಶಾಟ್ ಇನ್ನೊಂದರೊಳಗೆ ಕರಗುವುದು, ಇದ್ದಲ್ಲಿ ಶಾಟ್ ಎಲ್ಲಿ ಮುಗಿಯಿತು ಅಂತ ಯಾರು ಹೇಳಬೇಕು? ಹಿಂದಿನದು ಪೂರ್ತಿ ಹೋಗುವಷ್ಟರಲ್ಲಿ ಮುಂದಿನದು ಅರ್ಧ ನೋಡಿ ಆಗಿರುತ್ತದೆ.

ಸಾಫ್ಟ್‌ವೇರ್‌ಗೂ ಹಾಕಿದೆ. ಕಟ್ (ಒಂದು ಶಾಟ್ ಥಟ್ಟನೆ ಮುಗಿದು ಇನ್ನೊಂದು ಬರುವ ಜಾಗ) ಹುಡುಕುವ ಪ್ರೋಗ್ರಾಮ್ ಇದೆಯಲ್ಲ, ಅದೇ. ಗೋಳ ಒಡೆಯುವ ಭಾಗದ ಕಟ್‌ಗಳನ್ನು ಚೆನ್ನಾಗಿ ಹಿಡಿಯಿತು. ಬೇಲಿಯಿಂದ ಕಿಟಕಿ ತನಕ ಮಾತ್ರ ಎಲ್ಲ ಸೇರಿ ಒಂದೇ ಶಾಟ್ ಅಂತ ಹೇಳಿತು. ಅದು ಅಕ್ಕಪಕ್ಕದ ಫ್ರೇಮ್‌ಗಳ, ಅಂದರೆ ಸಿನಿಮಾದ ಬಿಡಿ ಚಿತ್ರಗಳ, ನಡುವಿನ ವ್ಯತ್ಯಾಸ ನೋಡುತ್ತದೆ. ನಿಧಾನವಾಗಿ ಕರಗುವಾಗ ಪಕ್ಕಪಕ್ಕದಲ್ಲಿ ಅಷ್ಟು ವ್ಯತ್ಯಾಸವೇ ಇರುವುದಿಲ್ಲ. ಎಷ್ಟು ವ್ಯತ್ಯಾಸಕ್ಕೆ ಕಟ್ ಅನ್ನಬೇಕು ಅನ್ನುವ ಮಿತಿ ಇಳಿಸಿದರೆ ಹೊಗೆ, ಮಂಜು ಅಲ್ಲಾಡಿದರೂ ಕಟ್ ಅನ್ನುತ್ತದೆ. ಒಂದು ತಿಂಗಳು ಅದರ ಹಿಂದೆ ಹೋಯಿತು.

ಕಾಪಿಗಳ ಗೋಳು ಬೇರೆ. ನನ್ನ ಡಿವಿಡಿ ಪಾಲ್ ಅನ್ನುವ ಟಿವಿ ಪದ್ಧತಿಯದು. ಸೆಕೆಂಡಿಗೆ 24 ಫ್ರೇಮ್‌ನ ಸಿನಿಮಾ ಅದರಲ್ಲಿ 25ರ ವೇಗದಲ್ಲಿ ಓಡುತ್ತದೆ. ಹಾಗಾಗಿ 150 ಸೆಕೆಂಡಿನ ಭಾಗ 144ಕ್ಕೇ ಮುಗಿಯುತ್ತದೆ. ಗೆಳೆಯ ಕೊಟ್ಟ ಫೈಲ್ 30 ಫ್ರೇಮ್‌ನದು. ನಾಲ್ಕು ಫ್ರೇಮಿಗೊಂದು ಫ್ರೇಮ್ ಎರಡು ಸಲ ಬರುತ್ತಿತ್ತು. ಇವೆರಡರ ಲೆಕ್ಕ ಹೊಂದಿಸಲು ಒಂದು ನೋಟ್‌ಬುಕ್ ಪೂರ್ತಿ ಖಾಲಿ ಮಾಡಿದೆ. ಮೂರನೇ ಕಾಪಿಯಲ್ಲಿ ಅಗಲದ ಟಿವಿ ತುಂಬಲಿ ಅಂತ ಯಾರೋ ಮೇಲೆ ಕೆಳಗೆ ಕತ್ತರಿಸಿದ್ದರು. ಈ ಸಿನಿಮಾದ ಫ್ರೇಮ್ ಹೆಚ್ಚು ಕಡಿಮೆ ಚೌಕಾಕಾರದ್ದು, 1.37ಕ್ಕೆ 1. ಕತ್ತರಿಸಿದರೆ ಕಿಟಕಿ ಅಂಚಿಗೆ ಹೋಗಿ ಕೂರುತ್ತದೆ.

ಹಾಳೆಯ ಯೋಚನೆ ಬಂದದ್ದು ಅಕಸ್ಮಾತ್. ಒಂದು ರಾತ್ರಿ ಪಾಜ್ ಮಾಡಿ ಊಟಕ್ಕೆ ಎದ್ದೆ. ಗೇಟಿನ ಶಾಟ್ ನಿಂತಿತ್ತು. ಪರದೆಯ ಮೇಲೆ, ಬಲಗಡೆ ಕಿಟಕಿಯ ಬೆಳಕಿನ ಪಕ್ಕದಲ್ಲೇ, ರೊಟ್ಟಿ ಹಿಟ್ಟಿನ ಕೈ ತಾಗಿ ಒಂದು ಬಿಳಿ ಗುರುತು ಆಯಿತು. ಮತ್ತೆ ಓಡಿಸಿದೆ. ಮಂಗ ಬಂತು, ದೋಣಿ ಬಂತು, ಬೆಳಕು ಆ ಗುರುತು ಬಿಟ್ಟು ಕದಲಲಿಲ್ಲ. ಎದೆ ಝಲ್ ಅಂದಿತು. ನಾನು ಅಷ್ಟು ದಿನ ಸೆಕೆಂಡು ಎಣಿಸುತ್ತಿದ್ದೆ. ಎಣಿಸಬೇಕಾದದ್ದು ಜಾಗವನ್ನು.

ಮರುದಿನವೇ ಸೂಪರ್ ಮಾರ್ಕೆಟ್ ಕಡೆ ಹೋಗಿ 100 ಓಎಚ್‌ಪಿ ಹಾಳೆಯ ಪ್ಯಾಕೆಟ್ ತಂದೆ. ಸುಮಾರು 600 ರೂಪಾಯಿ. ಮನೆಯ ಹಳೇ ಡಬ್ಬಾ ಟಿವಿಗೆ ಅಂಟಿಸಿದೆ. ಅದು ದೊಡ್ಡ ತಪ್ಪು. ಆ ಟಿವಿಯ ಗಾಜು ದಪ್ಪ. ತಲೆ ಸ್ವಲ್ಪ ಆಚೆ ಈಚೆ ಆದರೂ ಚುಕ್ಕಿ ಅರ್ಧ ಇಂಚು ಸರಿದಂತೆ ಕಾಣುತ್ತದೆ. ಅದೂ ಅಲ್ಲದೆ ಆ ಟಿವಿಗಳು ಫ್ರೇಮಿನ ಅಂಚನ್ನು ನುಂಗುತ್ತವೆ. ಹದಿನೈದು ಹಾಳೆ ದಂಡ.

ಸೆಕೆಂಡ್ ಹ್ಯಾಂಡ್ ಎಲ್‌ಸಿಡಿ ಮಾನಿಟರ್ ತಂದೆ, 2,800 ಇರಬೇಕು. ಮೊದಲ ವಾರವೇ ಹಾಳೆಯ ಅಂಚು ದಾಟಿ ಪರ್ಮನೆಂಟ್ ಮಾರ್ಕರ್ ಪರದೆಗೆ ಹತ್ತಿತು. ಥಿನ್ನರ್ ಹಚ್ಚಿ ಒರೆಸಿದೆ. ಪರದೆಯ ಲೇಪ ಎದ್ದು ಅಲ್ಲಿ ಬಿಳಿ ಕಲೆ ಆಯಿತು. ಇನ್ನೊಂದು ಮಾನಿಟರ್, ಇನ್ನೂ 3,000. ಮನೆಯಲ್ಲಿ ಎಂಟು ದಿನ ಮಾತಿಲ್ಲ. ಮೇ ತಿಂಗಳ 43 ಡಿಗ್ರಿಯಲ್ಲಿ ಹಾಳೆಗಳೂ ಸುರುಳಿ ಸುತ್ತತೊಡಗಿದವು. ಆಗಿನಿಂದ ಬೆಳಗಿನ ಐದರಿಂದ ಏಳರ ತನಕ ಮಾತ್ರ ಈ ಕೆಲಸ.

ಈಗ ಮಾಡುವುದು ಇಷ್ಟೇ. ಕತ್ತರಿಸದ ಕಾಪಿ. ವಿಎಲ್‌ಸಿ ಅನ್ನುವ ವಿಡಿಯೋ ಪ್ಲೇಯರ್‌ನಲ್ಲಿ ಇ (E) ಕೀ ಒತ್ತಿ ಒಂದೊಂದೇ ಫ್ರೇಮ್. ಹಾಳೆಯ ನಾಲ್ಕು ಮೂಲೆಗೆ ಪೇಂಟರ್‌ಗಳ ಕಾಗದದ ಟೇಪು, ಅದನ್ನು ಕಿತ್ತ ಮೇಲೆ ಪರದೆಗೆ ಅಂಟು ಉಳಿಯುವುದಿಲ್ಲ. ಪ್ರತಿ ಶಾಟ್‌ಗೆ ಒಂದು ಹಾಳೆ, ಬೆಳಕಿಗೆ ಚುಕ್ಕಿ, ಅದರ ಮುಂದೆ ಕಾಣುವ ವಸ್ತುಗಳಿಗೆ ಗೆರೆ. ಆಮೇಲೆ ಎಲ್ಲ ಹಾಳೆ ಒಂದರ ಮೇಲೊಂದು ಇಟ್ಟು ಮನೆಯ ಕಿಟಕಿಯ ಬೆಳಕಿಗೆ ಹಿಡಿಯಬೇಕು. ಡಿಸಾಲ್ವ್‌ನ ಯಾವ ಫ್ರೇಮಿನಲ್ಲಿ ಚುಕ್ಕಿ ಇಡಬೇಕು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಎಂಟು ತಿಂಗಳು ಕೊಟ್ಟಿದ್ದೇನೆ, ಎದುರು ಕೂತವರಿಗೆ ಮಾತ್ರ ತೋರಿಸುತ್ತೇನೆ.

ಹಾಳೆಗಳನ್ನು ಬೆಳಕಿಗೆ ಹಿಡಿದಾಗ ಕಂಡದ್ದನ್ನು ಹೇಳಲೇಬೇಕು. ಗೆರೆಗಳೆಲ್ಲ ಜಾಳುಜಾಳು, ಒಂದಕ್ಕೊಂದು ಸಂಬಂಧವಿಲ್ಲ. ಚುಕ್ಕಿಗಳು ಮಾತ್ರ ಒಂದು ಕಡಲೆ ಕಾಳಿನಷ್ಟು ಜಾಗದಲ್ಲಿ ಗುಂಪಾಗಿದ್ದವು. ದೋಣಿಯ ಶಾಟ್ ನನ್ನನ್ನು ಬೆರಗು ಮಾಡಿತು. ಅಲ್ಲಿ ನಮಗೆ ಕಾಣುವುದು ನೀರಿನಲ್ಲಿ ತಲೆಕೆಳಗಾದ ಅರಮನೆ. ಆದರೂ ಬೆಳಕು ಅದೇ ಜಾಗದಲ್ಲಿ! ಕೈಯಿಂದ ಬರೆದ ಹಿನ್ನೆಲೆಗಳನ್ನೂ ಕ್ಯಾಮೆರಾದಲ್ಲಿ ತೆಗೆದ ಶಾಟ್‌ಗಳನ್ನೂ ಆಪ್ಟಿಕಲ್ ಪ್ರಿಂಟರ್‌ನಲ್ಲಿ (ಬೇರೆ ಬೇರೆ ಫಿಲ್ಮ್‌ಗಳ ಚಿತ್ರವನ್ನು ಒಂದೇ ಫಿಲ್ಮ್‌ಗೆ ಇಳಿಸುವ ಯಂತ್ರ) ಸೇರಿಸಿದವರು ಲಿನ್‌ವುಡ್ ಡನ್. ಕಂಪ್ಯೂಟರ್ ಇಲ್ಲದ ಕಾಲ. ಕಣ್ಣು ಒಂದೇ ಕಡೆ ನೆಟ್ಟಿರುವುದರಿಂದ ಸುತ್ತ ಏನು ಬದಲಾದರೂ ನಾವು ತಡವರಿಸುವುದಿಲ್ಲ. ಅದಕ್ಕೇ ಆ ಬೆಳಕು ಆರಿದ ಕ್ಷಣ ಅಷ್ಟು ಜೋರಾಗಿ ತಟ್ಟುತ್ತದೆ. ಸಂಗೀತವೂ ಅಲ್ಲೇ ನಿಲ್ಲುತ್ತದೆ.

ನಡುವೆ ಇದನ್ನೇ ವೆಲ್ಸ್ ಅವರ 1958ರ 'ಟಚ್ ಆಫ್ ಈವಿಲ್'ಗೆ ಹಚ್ಚಿ ನೋಡಿದೆ. ಕಾರಿನ ಡಿಕ್ಕಿಯಲ್ಲಿ ಬಾಂಬು ಇಡುವುದರಿಂದ ಶುರುವಾಗಿ ಮೂರು ನಿಮಿಷ ಇಪ್ಪತ್ತು ಸೆಕೆಂಡಿನಷ್ಟು ಒಂದೂ ಕಟ್ ಇಲ್ಲ. ಅಲ್ಲಿ ಹಾಳೆ ಕೆಲಸ ಮಾಡಲಿಲ್ಲ, ಎಲ್ಲವೂ ಓಡುತ್ತಿರುತ್ತದೆ. ಕೊನೆಗೆ ಮಾಳಿಗೆ ಮೇಲೆ ಸುಣ್ಣದ ಗೆರೆ ಎಳೆದು, ಅಣ್ಣನ ಮಗನನ್ನು ಕಾರು ಮಾಡಿ, ನಾನು ಕ್ಯಾಮೆರಾ ಆಗಿ ನಡೆದೆ. ಕಾರು ಎಲ್ಲೆಲ್ಲಿ ಫ್ರೇಮಿನಿಂದ ಆಚೆ ಹೋಗುತ್ತದೆ ಅಂತ ಆಗ ತಿಳಿಯಿತು. ಕಾರು ಕಾಣದಾಗಲೇ ಎದೆ ಜಾಸ್ತಿ ಹೊಡೆದುಕೊಳ್ಳುತ್ತದೆ, ನೋಡಿ. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

"ಇದ್ರಿಂದ ರೊಕ್ಕ ಏನ್ ಬರ್ತದ?" ಅಂತ ಕೇಳುತ್ತಿದ್ದವರಿಗೆ ಉತ್ತರ ಸಿಕ್ಕಿದ್ದು ಹೋದ ವರ್ಷ, ಬ್ರಹ್ಮಪುರದ ಒಂದು ಮದುವೆ ಮನೆಯಲ್ಲಿ. ಹಳೇ ಕಲ್ಲಿನ ಮನೆ, ಮೇಲಿನ ಕೋಣೆಗೆ ಒಂದು ಕಿಟಕಿ. ಕ್ಯಾಮೆರಾ ಪರದೆಯ ಅಳತೆಗೆ ಹಾಳೆ ಕತ್ತರಿಸಿ ಅಂಟಿಸಿದೆ, ಬಲಗಡೆ ಮೇಲೆ ಒಂದು ಚುಕ್ಕಿ. ಓಣಿಯಿಂದ, ಬೇವಿನ ಗಿಡದ ಕೆಳಗಿನಿಂದ, ತುಳಸಿ ಕಟ್ಟೆಯ ಪಕ್ಕದಿಂದ ಏಳು ಶಾಟ್. ಎಲ್ಲದರಲ್ಲೂ ಕಿಟಕಿಯ ಬೆಳಕು ಚುಕ್ಕಿಗೆ ಕೂರಬೇಕು. ಜೂಮ್ ಮುಟ್ಟಬೇಡಿ. ಚುಕ್ಕಿ ನಡುವೆ ಇಲ್ಲದ್ದರಿಂದ ಜೂಮ್ ಮಾಡಿದರೆ ಬೆಳಕು ಅಂಚಿನ ಕಡೆ ಓಡುತ್ತದೆ. ಕಾಲಿನಿಂದ ನಡೆದೇ ಹೊಂದಿಸಬೇಕು. ಎಡಿಟಿಂಗ್‌ನಲ್ಲಿ ಸರಿಸಬಹುದಲ್ವಾ ಅನ್ನುತ್ತೀರಿ. ಅದಕ್ಕೂ ಹಿಂದಿನ ಮದುವೆಯಲ್ಲಿ ಹಾಗೇ ಮಾಡಿದ್ದೆ, ಹಿಗ್ಗಿಸಿ ಹಿಗ್ಗಿಸಿ ಚಿತ್ರ ಒಡೆದು ಹೋಯಿತು. 5,000 ಕಡಿಮೆ ಕೊಟ್ಟರು.

ದೋಣಿಯ ನೀರಿಗೆ ಬದಲು ಅಂಗಳದಲ್ಲಿ ತಾಮ್ರದ ಹಂಡೆ ತುಂಬಿ ಇಟ್ಟೆ. ಕಿಟಕಿ ಅದರಲ್ಲಿ ತಲೆಕೆಳಗಾಗಿ ಕಾಣಲು ಒಂದು ಗಂಟೆ ಹಂಡೆ ಸರಿಸಿದೆವು. ಏಳೂವರೆಗೆ ಕರೆಂಟ್ ಹೋಯಿತು. ಎಮರ್ಜೆನ್ಸಿ ಲೈಟ್ ಇಟ್ಟೆ, ಬಣ್ಣ ನೀಲಿ. ಅರಿಶಿನ ಬಣ್ಣದ ಸೀರೆ ಬಟ್ಟೆ ಅಡ್ಡ ಕಟ್ಟಿದ ಮೇಲೆ ಸರಿಹೋಯಿತು.

ಕೊನೆಗೆ ಸಿನಿಮಾದಂತೆ ಬೆಳಕು ಆರಿಸಬೇಕು ಅಂದುಕೊಂಡಿದ್ದೆ. ಹುಡುಗಿಯ ಕಾಕಾ ತಡೆದರು. "ತಮ್ಮಾ, ಮದಿವಿ ಮನ್ಯಾಗ ದೀಪ ಆರಸ್ತಾರೇನೋ?" ಅಂದರು. ಅವರ ಮಾತು ಸರಿ. ಬೆಳಕು ಹಾಗೇ ಉಳಿಸಿ, ಕಿಟಕಿಯ ಬಾಗಿಲು ಪೂರ್ತಿ ತೆಗೆಸಿದೆ. ಒಳಗೆ ಮದುಮಗಳು, ಬಾಸಿಂಗ ಕಟ್ಟಿಸಿಕೊಳ್ಳುತ್ತಾ ಕೂತಿದ್ದಳು. ಒಟ್ಟು 50 ಸೆಕೆಂಡಿನ ಶುರು. ಮಾತಾಡಿದ್ದು 40,000, ಕಾಕಾ ತಾವಾಗಿಯೇ 5,000 ಜಾಸ್ತಿ ಕೊಟ್ಟರು. ಆ ವಿಡಿಯೋ ನೋಡಿ ಈವರೆಗೆ ನಾಲ್ಕು ಮದುವೆ ಬಂದಿವೆ.

ಈಗ 'ಸಿಟಿಜನ್ ಕೇನ್'ನ ಕೊನೆಯ ಭಾಗಕ್ಕೆ ಹಾಳೆ ಹಚ್ಚಿದ್ದೇನೆ. ಶುರುವಿನಲ್ಲಿ ಫಲಕದಿಂದ ಬೇಲಿ ಹಿಡಿದು ಮೇಲೆ ಹೋದ ಕ್ಯಾಮೆರಾ ಅಲ್ಲಿ ಬೇಲಿ ಹಿಡಿದು ಅದೇ ಫಲಕಕ್ಕೆ ಇಳಿಯುತ್ತದೆ. ಮತ್ತೆ ಗೇಟು. ಈ ಸಲ ಅರಮನೆಯಿಂದ ಬರುವುದು ಹೊಗೆ. ಮೊದಲ ಗೇಟಿನ ಹಾಳೆಯನ್ನು ತೆಗೆದಿಟ್ಟಿದ್ದೇನೆ, ನಾಳೆ ಬೆಳಗ್ಗೆ ಐದಕ್ಕೆ ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಬೇಕು.