ಬದನೆ ಹೂವಿನಿಂದ ಶುರುವಾದ ನನ್ನ ಫಸ್ಟ್ ಪಿಯು ಬಯಾಲಜಿ

ಫಸ್ಟ್ ಪಿಯು ಮೊದಲ ಟೆಸ್ಟ್‌ನಲ್ಲಿ ಬಯಾಲಜಿಗೆ ನನಗೆ ಬಂದದ್ದು 25ಕ್ಕೆ 9. ಹತ್ತನೇ ತರಗತಿಯವರೆಗೆ ನಾನು ಓದಿದ್ದು ಹಳ್ಳಿಯ ಕನ್ನಡ ಮಾಧ್ಯಮದ ಶಾಲೆಯಲ್ಲಿ. ವಿಜ್ಞಾನ ಅಂದರೆ ಇಷ್ಟ, ಅಂಕವೂ ಚೆನ್ನಾಗಿ ಬರುತ್ತಿತ್ತು. ಪಿಸಿಎಂಬಿ ತೆಗೆದುಕೊಂಡು ಪಟ್ಟಣದ ಕಾಲೇಜಿಗೆ ಸೇರಿದೆ. ಅಲ್ಲಿ ಎಲ್ಲವೂ ಇಂಗ್ಲಿಷ್. ಆ ಟೆಸ್ಟ್‌ನಲ್ಲಿ 'ಎಪಿಪೆಟಲಸ್' ಅಂದರೇನು ಅಂತ ಒಂದು ಅಂಕದ ಪ್ರಶ್ನೆ ಇತ್ತು. ಹಿಂದಿನ ರಾತ್ರಿ ಅದನ್ನು ಇಪ್ಪತ್ತು ಸಲವಾದರೂ ಓದಿದ್ದೆ. ಪೇಪರ್ ಮುಂದೆ ಕೂತಾಗ ಆ ಪದ ಪುಟದ ಯಾವ ಮೂಲೆಯಲ್ಲಿತ್ತು ಅನ್ನೋದು ನೆನಪಿತ್ತು, ಅರ್ಥ ಮಾತ್ರ ಇರಲಿಲ್ಲ.

ಈಗ ಬಿ.ಎಸ್ಸಿ. ಮುಗಿಸಿ, ಸಂಜೆ ಹೊತ್ತು ನಮ್ಮೂರಿನ ಪಿಯು ಮಕ್ಕಳಿಗೆ ಬಯಾಲಜಿ ಹೇಳಿಕೊಡುತ್ತಿದ್ದೇನೆ. ಕನ್ನಡ ಮಾಧ್ಯಮದಿಂದ ಬರುವ ಪ್ರತಿ ಮಗುವೂ ಮೊದಲ ತಿಂಗಳು ಅದೇ ಮುಖ ಹೊತ್ತುಕೊಂಡು ಬರುತ್ತದೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಪೇಪರ್ ಕೊಟ್ಟ ದಿನ ನಮ್ಮ ಮೇಡಂ ಬೈಯಲಿಲ್ಲ. "ನಿಮ್ಮ ಹಿತ್ತಲಲ್ಲಿ ಬದನೆ ಗಿಡ ಇದೆಯಾ?" ಅಂತ ಕೇಳಿದರು. ಇದೆ ಅಂದೆ. "ಹಾಗಾದರೆ ಒಂದು ಹೂವು ಕಿತ್ತು, ಅದರ ನೇರಳೆ ಭಾಗ ಮಾತ್ರ ಮೆಲ್ಲಗೆ ಎಳೆದು ನೋಡು. ನಾಳೆ ಬಂದು ಏನಾಯ್ತು ಹೇಳು" ಅಂದರು. ಮನೆಗೆ ಹೋಗಿ ಹಾಗೇ ಮಾಡಿದೆ. ದಳಗಳು ಬಿಡಿಬಿಡಿಯಾಗಿ ಬರಲಿಲ್ಲ, ಐದೂ ಒಂದಕ್ಕೊಂದು ಕೂಡಿಕೊಂಡು ಒಂದೇ ಬಟ್ಟಲಿನ ಹಾಗೆ ಕಳಚಿ ಬಂದವು. ಅದರ ಜೊತೆಗೇ ಐದು ಹಳದಿ ಕೇಸರಗಳೂ ಬಂದವು, ದಳಕ್ಕೇ ಅಂಟಿಕೊಂಡಿದ್ದವು. ತೊಟ್ಟಿನ ಮೇಲೆ ಉಳಿದದ್ದು ಹಸಿರು ಬಟ್ಟಲು, ಮಧ್ಯದಲ್ಲಿ ಪುಟ್ಟ ಅಂಡಾಶಯ. ಎಪಿ ಅಂದರೆ ಮೇಲೆ, ಪೆಟಲ್ ಅಂದರೆ ದಳ. ಕೇಸರ ದಳದ ಮೇಲೆ ಕೂತಿದ್ದರೆ ಅದು ಎಪಿಪೆಟಲಸ್. ಇಪ್ಪತ್ತು ಸಲ ಓದಿದರೂ ನಿಲ್ಲದ ಪದ ಆ ಸಂಜೆ ನಿಂತಿತು, ಇವತ್ತಿಗೂ ಮರೆತಿಲ್ಲ.

ಆ ಹಸಿರು ಬಟ್ಟಲಿಗೂ ಒಂದು ವಿಷಯ ಇದೆ. ಹೂವು ಉದುರಿ ಕಾಯಿ ಕಟ್ಟಿದ ಮೇಲೂ ಅದು ಬೀಳುವುದಿಲ್ಲ. ಎಣ್ಣೆಗಾಯಿ ಮಾಡುವಾಗ ತೊಟ್ಟು ಬಿಟ್ಟು ಸೀಳುತ್ತೇವಲ್ಲ, ಆ ತೊಟ್ಟಿನ ಕೆಳಗಿನ ಟೋಪಿ ಅದೇ. ಟೊಮೆಟೊ, ಮೆಣಸಿನಕಾಯಿ ಮೇಲೆ ಇರುವುದೂ ಅದೇ. ಮೂರೂ ಸೊಲನೇಸಿ ಕುಟುಂಬ. ಪುಸ್ತಕದಲ್ಲಿ ಆ ಕುಟುಂಬದ ಬಗ್ಗೆ ಬರೆದಿರುವ ಸಾಲುಗಳನ್ನೆಲ್ಲ ನಾನು ಅಡುಗೆಮನೆಯಲ್ಲೇ ಕೂತು ಒಂದೊಂದಾಗಿ ತಾಳೆ ನೋಡಿದೆ. ಟೊಮೆಟೊ ಅಡ್ಡಕ್ಕೆ ಕೊಯ್ದರೆ ಬೀಜಗಳು ನಡುವಿನ ದಿಂಡಿಗೆ ಅಂಟಿರುತ್ತವೆ, ಬೀಜ ಹೀಗೆ ಅಂಟಿರುವ ರೀತಿಗೆ ಪುಸ್ತಕದಲ್ಲಿ ಆಕ್ಸೈಲ್ ಅಂತಾರೆ. ಅವರೆಕಾಯಿ ಬಿಡಿಸಿದರೆ ಕಾಳೆಲ್ಲ ಒಂದೇ ಅಂಚಿಗೆ ಅಂಟಿರುತ್ತವೆ, ಅದು ಮಾರ್ಜಿನಲ್. ಚಳಿಗಾಲದಲ್ಲಿ ದಿನಾ ಅವರೆ ಬಿಡಿಸುವ ಅಜ್ಜಿಗೆ ಇದನ್ನು ಹೇಳಿದರೆ, "ಅಯ್ಯೋ, ಅದು ನಂಗೊತ್ತಿಲ್ವೇನೇ, ಅದಕ್ಕೇ ಅಲ್ವಾ ಆ ಪಕ್ಕದಿಂದ್ಲೇ ಬಿಡಿಸೋದು" ಅಂದರು.

ದಾಸವಾಳ ಕಿತ್ತಾಗ ಮಾತ್ರ ಬೈಸಿಕೊಂಡೆ. ದೇವರ ಹೂವನ್ನ ಹರೀತಾ ಕೂತಿದೀಯಲ್ಲೇ ಅಂತ. ಆದರೆ ಅದರಷ್ಟು ಚೆನ್ನಾಗಿ ಕಲಿಸುವ ಹೂವು ಇನ್ನೊಂದಿಲ್ಲ. ಒಂಟಿ ಸುತ್ತಿನ ಐದು ಎಸಳಿನದ್ದು ಬೇಕು. ಕೇಸರಗಳೆಲ್ಲ ಸೇರಿ ಒಂದು ಕೊಳವೆ, ಅದರೊಳಗಿಂದ ಶಲಾಕೆ, ಅಂದರೆ ಅಂಡಾಶಯದ ಮೇಲಿನ ಉದ್ದದ ಎಳೆ, ಹಾದು ತುದಿಯಲ್ಲಿ ಐದು ಕೆಂಪು ಚುಕ್ಕಿಗಳಾಗಿ ಕವಲೊಡೆಯುತ್ತದೆ. ಕೊಳವೆಯನ್ನು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿದರೆ ಶಲಾಕೆ ದಾರದ ಹಾಗೆ ಹೊರಗೆ ಬರುತ್ತದೆ. ಈ ಜೋಡಣೆಯ ಹೆಸರು ಮಾನಡೆಲ್ಫಸ್. ಗ್ರೀಕ್‌ನಲ್ಲಿ ಮಾನೊ ಅಂದರೆ ಒಂದು, ಅಡೆಲ್ಫೋಸ್ ಅಂದರೆ ಅಣ್ಣತಮ್ಮ. ಕೇಸರಗಳೆಲ್ಲ ಒಂದೇ ಮನೆಯಲ್ಲಿ ಕೂಡಿಬಾಳುವ ಅಣ್ಣತಮ್ಮಂದಿರು.

ಇಲ್ಲಿಂದಲೇ ನನಗೆ ಪದಗಳ ಹುಚ್ಚು ಹಿಡಿಯಿತು, ನನ್ನನ್ನು ನಿಜಕ್ಕೂ ದಡ ಮುಟ್ಟಿಸಿದ್ದು ಅದೇ. ಒಂದು ನೂರು ಪುಟದ ನೋಟ್‌ಬುಕ್‌ನಲ್ಲಿ ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಹೈಸ್ಕೂಲಿನಲ್ಲಿ ಓದಿದ್ದ ಕನ್ನಡ ಪದ ಬರೆಯುತ್ತಾ ಹೋದೆ. ಬರೆಯುತ್ತಾ ಬರೆಯುತ್ತಾ ಗೊತ್ತಾಯಿತು, ಕನ್ನಡ ಪದ ಮಾಡಿದವರು ಮೂಲದ ಅರ್ಥವನ್ನೇ ಇಟ್ಟುಕೊಂಡು ಮಾಡಿದ್ದಾರೆ. ಕ್ರೋಮೋಸೋಮ್‌ನಲ್ಲಿ ಕ್ರೋಮಾ ಅಂದರೆ ಬಣ್ಣ, ನಮ್ಮದು ವರ್ಣತಂತು. ಆರ್ಥ್ರೋಪೋಡಾ ಅಂದರೆ ಕೀಲುಕಾಲು; ನಮ್ಮದು ಸಂಧಿಪದಿ. ಎಕೈನೊಡರ್ಮೇಟಾ ಅಂದರೆ ಮುಳ್ಳುಚರ್ಮ, ನಮ್ಮದು ಕಂಟಕಚರ್ಮಿ. ಫೋಟೋಸಿಂಥೆಸಿಸ್ ಅಂತೂ ಅಕ್ಷರಕ್ಕೆ ಅಕ್ಷರ ದ್ಯುತಿಸಂಶ್ಲೇಷಣೆ. ಇಂಗ್ಲಿಷ್ ಮಾಧ್ಯಮದ ನನ್ನ ಗೆಳತಿಗೆ ಎಕೈನೊಡರ್ಮೇಟಾ ಬರೀ ಶಬ್ದ, ನನಗೆ ಅದರ ಅರ್ಥ ಮೊದಲೇ ಗೊತ್ತು! ಹಿಂದೆ ಬಿದ್ದಿದ್ದೇನೆ ಅಂದುಕೊಂಡಿದ್ದ ಕಡೆಯೇ ನಾನು ಮುಂದಿದ್ದೆ.

ಹೀಗೆ ತುಂಡು ಸಿಕ್ಕರೆ ಸಾಕು, ಹೊಸ ಪದ ತಾನೇ ಬಿಡಿಸಿಕೊಳ್ಳುತ್ತದೆ. ಪೆರಿ ಅಂದರೆ ಸುತ್ತ. ಪೆರಿಕಾರ್ಡಿಯಮ್ ಹೃದಯದ ಸುತ್ತಲ ಪೊರೆ, ಪೆರಿಕಾರ್ಪ್ ಬೀಜದ ಸುತ್ತಲ ಹಣ್ಣಿನ ಗೋಡೆ. ಮಾವಿನ ಸಿಪ್ಪೆ ಎಪಿಕಾರ್ಪ್, ತಿನ್ನುವ ತಿರುಳು ಮೀಸೋಕಾರ್ಪ್, ವಾಟೆಯ ಗಟ್ಟಿ ಚಿಪ್ಪು ಎಂಡೋಕಾರ್ಪ್.

ಎಲ್ಲ ಪಾಠವೂ ಹಿತ್ತಲಲ್ಲಿ ಸಿಗುವುದಿಲ್ಲ, ನಿಜ. ಕಿಡ್ನಿ ಪಾಠದಲ್ಲಿ, ರಕ್ತ ಸೋಸುವ ಪುಟ್ಟ ರಕ್ತನಾಳದ ಗೊಂಚಲುಗಳಾದ ಗ್ಲೊಮೆರುಲಸ್‌ಗಳು ನಿಮಿಷಕ್ಕೆ 125 ಮಿಲಿಲೀಟರ್ ಸೋಸುತ್ತವೆ, ದಿನಕ್ಕೆ 180 ಲೀಟರ್ ಅಂತ ಇದೆ. ಆ ಅಂಕಿ ನನ್ನ ತಲೆಯಲ್ಲಿ ಕೂರಲೇ ಇಲ್ಲ. ಒಂದು ದಿನ ನಲ್ಲಿ ಹತ್ತಿರ ನೀರು ಹಿಡಿಯುವಾಗ ಲೆಕ್ಕ ಹಾಕಿದೆ. ನಮ್ಮ ಕೊಡ 15 ಲೀಟರಿನದು. 180 ಅಂದರೆ ಹನ್ನೆರಡು ಕೊಡ! ಅದರಲ್ಲಿ ಮೂತ್ರವಾಗಿ ಹೊರಗೆ ಹೋಗುವುದು ಸುಮಾರು ಒಂದೂವರೆ ಲೀಟರ್, ಅಂದರೆ ಕೊಡದ ಹತ್ತನೇ ಒಂದು ಪಾಲು. ಉಳಿದ ಶೇಕಡಾ 99ನ್ನು ಕಿಡ್ನಿಯ ಸೋಸುವ ಘಟಕವಾದ ನೆಫ್ರಾನ್‌ನ ಕೊಳವೆಗಳು ವಾಪಸ್ ಎಳೆದುಕೊಳ್ಳುತ್ತವೆ. ಕೊಡ ಹೊತ್ತವರಿಗೆ ಆ ಕೆಲಸ ಎಷ್ಟು ದೊಡ್ಡದು ಅಂತ ಯಾರೂ ಬಿಡಿಸಿ ಹೇಳಬೇಕಿಲ್ಲ.

ಬಿಸಿಲಲ್ಲೂ ಸಲೀಸಾಗಿ ದ್ಯುತಿಸಂಶ್ಲೇಷಣೆ ನಡೆಸುವ ಸಿ4 ಸಸ್ಯಗಳ ಪಾಠಕ್ಕೆ ನಮ್ಮ ಹೊಲ ಇತ್ತು. ರಾಗಿ, ಜೋಳ, ಮುಸುಕಿನ ಜೋಳ, ಕಬ್ಬು ಎಲ್ಲ ಸಿ4, ಭತ್ತ ಸಿ3. ಒಣಭೂಮಿಯ ಬಿಸಿಲಿಗೆ ರಾಗಿ ಯಾಕೆ ಒಗ್ಗುತ್ತದೆ ಅನ್ನೋದಕ್ಕೆ ಅರ್ಧ ಉತ್ತರ ಆ ಪಾಠದಲ್ಲೇ ಇದೆ. ದ್ಯುತಿಸಂಶ್ಲೇಷಣೆ, ಉಸಿರಾಟದ ಪಾಠಗಳಲ್ಲಿ ಬರುವ ರಾಸಾಯನಿಕ ಕ್ರಿಯೆಗಳ ಸೈಕಲ್‌ಗಳ ಚಿತ್ರವನ್ನು ಮಾತ್ರ ಖಾಲಿ ಹಾಳೆಯಲ್ಲಿ ನೋಡದೆ ಬರೆದೇ ಕಲಿತೆ. ಪುಸ್ತಕ ಮುಚ್ಚಿ ಬರೆಯುವುದು, ಎಲ್ಲಿ ನಿಂತಿತೋ ಅಲ್ಲಿ ಕೆಂಪು ಪೆನ್ನಿನಲ್ಲಿ ಗುರುತು ಹಾಕುವುದು, ಆಮೇಲೆ ಅಷ್ಟನ್ನೇ ಓದುವುದು. ಕ್ರೆಬ್ಸ್ ಸೈಕಲ್ ಐದನೇ ಹಾಳೆಗೆ ಪೂರ್ತಿ ಬಂತು. ಬಣ್ಣಬಣ್ಣದ ಪೆನ್ನಿನಲ್ಲಿ ಪುಸ್ತಕದ ಸಾಲುಗಳಿಗೆ ಗೆರೆ ಎಳೆಯುತ್ತಾ ಕೂರುವುದರಿಂದ ನನಗೇನೂ ಉಪಯೋಗ ಆಗಲಿಲ್ಲ. ಓದಿದ ಹಾಗೆ ಅನ್ನಿಸುತ್ತದೆ ಅಷ್ಟೇ. ಪ್ರಾಣಿ ಸಾಮ್ರಾಜ್ಯದ ಪಾಠಕ್ಕೆ ಯಾವ ಉಪಾಯವೂ ನನಗೆ ಸಿಗಲಿಲ್ಲ. ಪಟ್ಟಿ ಮಾಡಿ, ವಾರಕ್ಕೊಮ್ಮೆ ತಿರುವಿ ಹಾಕಿದೆ.

ಬರವಣಿಗೆಯ ಬಗ್ಗೆ ಒಂದೆರಡು ಮಾತು. ಉದ್ದದ ಇಂಗ್ಲಿಷ್ ವಾಕ್ಯಕ್ಕೆ ಕೈಹಾಕಬೇಡಿ. ಪಾಯಿಂಟ್ ಮಾಡಿ ಚಿಕ್ಕಚಿಕ್ಕ ವಾಕ್ಯ ಬರೆಯಿರಿ, ಪಕ್ಕದಲ್ಲಿ ಪೆನ್ಸಿಲಿನ ಚಿತ್ರ, ಒಂದನ್ನೊಂದು ದಾಟದ ನೇರ ಗೆರೆಗಳಲ್ಲಿ ಹೆಸರು. ವೈಜ್ಞಾನಿಕ ಹೆಸರು ಬರೆಯುವಾಗ ಮೊದಲ ಪದಕ್ಕೆ ದೊಡ್ಡ ಅಕ್ಷರ, ಎರಡನೆಯದಕ್ಕೆ ಸಣ್ಣ ಅಕ್ಷರ, ಎರಡಕ್ಕೂ ಬೇರೆಬೇರೆಯಾಗಿ ಅಡಿಗೆರೆ. ಮಾವಿಗೆ ಮ್ಯಾಂಗಿಫೆರಾ ಇಂಡಿಕಾ ಅಂತ ಸರಿಯಾಗಿ ಗೊತ್ತಿದ್ದೂ ಅಡಿಗೆರೆ ಇಲ್ಲದೆ ಅಂಕ ಕಳೆದುಕೊಂಡಿದ್ದೇನೆ.

ಥಿಯರಿ 70, ಪ್ರಾಕ್ಟಿಕಲ್ 30. ಆ ಮೂವತ್ತನ್ನು ಸುಮ್ನೆ ಬರುವ ಅಂಕ ಅಂದುಕೊಂಡು ಮಕ್ಕಳು ಲ್ಯಾಬಿನಲ್ಲಿ ಹಿಂದೆ ನಿಲ್ಲುತ್ತಾರೆ. ಮುಂದೆ ಹೋಗಿ ನಿಲ್ಲಿ. ನಾನು ಮನೆಯಲ್ಲಿ ಲೋಟದ ಬಾಯಿಗೆ ಈರುಳ್ಳಿ ಕೂರಿಸಿ, ಬುಡ ಮಾತ್ರ ನೀರಿಗೆ ತಾಗುವ ಹಾಗೆ ಇಟ್ಟಿದ್ದೆ. ನಾಲ್ಕೈದು ದಿನಕ್ಕೆ ಬಿಳಿ ಬೇರು ಬಂತು. ಅದನ್ನು ಲ್ಯಾಬಿಗೆ ಒಯ್ದು, ತುದಿ ಕತ್ತರಿಸಿ, ಬಣ್ಣ ಹಾಕಿ, ಸ್ಲೈಡಿನ ಮೇಲೆ ಒತ್ತಿ, ಮೈಕ್ರೋಸ್ಕೋಪಿನಲ್ಲಿ ಹುಡುಕುತ್ತಾ ಹೋದೆ. ಸುಮಾರು ಹೊತ್ತು ಬರೀ ಗುಂಡು ಕೋಶಕೇಂದ್ರಗಳೇ ಕಂಡವು. ಆಮೇಲೆ ಒಂದು ಮೂಲೆಯಲ್ಲಿ ಒಂದು ಜೀವಕೋಶ, ಅದರೊಳಗೆ ವರ್ಣತಂತುಗಳು ಎರಡು ಗುಂಪಾಗಿ ಆಚೆ ಈಚೆ ಸರಿಯುತ್ತಿರುವಾಗಲೇ ನಿಂತುಬಿಟ್ಟಿದ್ದವು. ಜೀವಕೋಶ ಎರಡಾಗುವಾಗಿನ ಒಂದು ಹಂತ, ಅನಾಫೇಸ್. ಮೇಡಂ ಅನ್ನು ಕೂಗಿ ಕರೆದೆ, ಅವರು ಬಗ್ಗಿ ನೋಡಿ ಇಡೀ ಬ್ಯಾಚನ್ನು ಕರೆದರು.